ದೌಡ ಕಂಪನಿಯ ಕೈಲಾಸವಾಸಿ

"ನಮ್ಮ ಹುಡುಗೀನ ನಿನಗ ಕೊಡೂಕಿಂತ, ನಿಮ್ಮ ಕಂಪನಿ ಅಂಗಡಿ ಮುಂದ ಪ್ಯಾಂಟ ಹಾಕ್ಕೊಂಡು ನಿಂತೈತೆಲಾ ಪ್ಲಾಸ್ಟಿಕ್ ಗೊಂಬಿ, ಅದಕ್ಕ ಕೊಟ್ಟರ ಪಾಡ. ಹೋಗೂ ಬರೂ ಮಂದಿ ಅದನ್ನರ ಒಂದ ಸಲ ನಿಂತು ನೋಡ್ತಾರ."

ಹುನಗುಂದದ ಮಹಾಗುಂಡಪ್ಪ ಈ ಮಾತನ್ನು ಬಾಯಿ ತುಂಬ ಚೂಡಾ ಇಟ್ಟುಕೊಂಡು ಹೇಳಿದ. ಹೇಳಿದ್ದು ಇಳಕಲ್ಲಿನಲ್ಲಿ, ಮುತ್ತುರಾಜನ ಮನೆಯ ಪಡಸಾಲೆಯಲ್ಲಿ, ಮುತ್ತುರಾಜನ ತಾಯಿ ಶಾರವ್ವ ಮಾಡಿದ ಚೂಡಾ ತಿನ್ನುತ್ತ, ಎರಡೂ ಕಡೆಯ ಹನ್ನೊಂದು ಮಂದಿ ಹಿರಿಯರ ಎದುರಿಗೆ. ಹನ್ನೊಂದರಲ್ಲಿ ಏಳು ಮಂದಿ ನಕ್ಕರು. ಉಳಿದ ನಾಲ್ವರಿಗೂ ನಗಬೇಕೆಂದಿತ್ತು, ಆದರೆ ಅವರು ಆಗಷ್ಟೇ ಬಾಯಿಗೆ ಮುಕ್ಕು ಹಾಕಿಕೊಂಡಿದ್ದರು. ಅಂಗಡಿಯ ಮುಂದಿನ ಆ ಗೊಂಬೆಗೆ ತಲೆಯೇ ಇಲ್ಲ ಎನ್ನುವುದು ಮಹಾಗುಂಡಪ್ಪನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೇ ಹೇಳಿದ.

ಮುತ್ತುರಾಜನಿಗೆ ಇಪ್ಪತ್ತೇಳು ವರ್ಷ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು, ದೌಡ ಕಂಪನಿಯಲ್ಲಿ ಕಟಿಂಗ್ ಮಾಸ್ತರ. ಹದಿನೈದು ದಿನದ ಹಿಂದೆ ಹುನಗುಂದಕ್ಕೆ ಹೋಗಿ ಮಹಾಗುಂಡಪ್ಪನ ಸೋದರಸೊಸೆ ಶೀಲಾಳನ್ನು ನೋಡಿ ಬಂದಿದ್ದ. ಅವಳು ಚಹಾ ತಂದಿಟ್ಟು, "ಸಕ್ರಿ ಸಾಕೇನ್ರಿ, ಇನ್ನೀಟ ಹಾಕ್ಲ್ಯಾ?" ಎಂದು ಅವನ ಮುಖ ನೋಡಿ ಕೇಳಿದ್ದಳು. ಸಕ್ಕರೆ ಹೆಚ್ಚೇ ಆಗಿತ್ತು. ಮುತ್ತುರಾಜ ಇನ್ನೊಂದು ಚಮಚೆ ಹಾಕಿಸಿಕೊಂಡು ಕುಡಿದು, ಆವತ್ತೇ ನಿರ್ಧಾರ ಮಾಡಿದ್ದ: ಮದುವೆಯಾದರೆ ಈಕೆಯನ್ನೇ. ಅವಳಿಗೂ ಒಪ್ಪಿಗೆ ಇತ್ತು. ತಂದೆ ತಾಯಿ ಇಲ್ಲದ ಹುಡುಗಿ, ಒಪ್ಪಬೇಕಾದವನು ಸೋದರಮಾವ.

"ಕಂಪನಿ ಕಂಪನಿ ಅಂತಿ," ಎಂದ ಸೋದರಮಾವ, ಚೂಡಾ ನುಂಗಿ. "ಆ ಕಂಪನ್ಯಾಗ ನಿನ್ನ ಯಾರು ಬಲ್ಲರು? ಒಂದ ಬೋರ್ಡಿನ್ಯಾಗ ನಿನ್ನ ಹೆಸರೈತೇನು? ಒಂದ ಗ್ವಾಡಿ ಮ್ಯಾಲೆ ನಿನ್ನ ಮಾರಿ ಐತೇನು? ಒಂದ ತಿಂಗಳ ಟೈಮ ಕೊಡ್ತೇನಿ. ನಮ್ಮ ಹುನಗುಂದ ಸರ್ಕಲ್ಲಿನ್ಯಾಗ ನಾಕ ಮಂದಿಗಿ ನೀ ಯಾರಂತ ಗೊತ್ತಾಗಲಿ, ನಾನ ಬಂದು ಎಲಿ ಅಡಿಕಿ ಇಡ್ತೇನಿ."

ಮುಂದೆ ಗೊತ್ತಾದದ್ದು ನಾಲ್ಕು ಮಂದಿಗಲ್ಲ. ಅದೇ ತೊಂದರೆಯಾಯಿತು.

ಕಂಪನಿಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈ ಕಥೆಯಲ್ಲಿ ಬೆಳೆದದ್ದು ಅದು, ಸತ್ತದ್ದು ಮುತ್ತುರಾಜ. ಬಾಗಲಕೋಟೆ ವಿದ್ಯಾಗಿರಿಯ ಪಂಢರೀನಾಥ ಮಾಸ್ತರರ ಮಗ ನಿತಿನ ಪುಣೆಯಲ್ಲಿ ಎಂಬಿಎ ಓದಿ ಬಂದು, ಇಳಕಲ್ಲಿನಲ್ಲಿ ಸೀರೆ ಮಗ್ಗ ನಿಂತುಹೋದ ಒಂದು ಶೆಡ್ಡು ಹಿಡಿದು, ನಾಲ್ಕು ಹೊಲಿಗೆ ಮಿಷನ್ ಹಾಕಿದ. ಮೊದಲು ಸಾಲಿ ಮಕ್ಕಳ ಆಟದ ಡ್ರೆಸ್ಸು. ಆಮೇಲೆ ಓಡುವವರಿಗೆ 'ದೌಡ' ಟ್ರ್ಯಾಕ್ ಪ್ಯಾಂಟು. ಅದು ನಡೆಯಿತೆಂದು ಕಬಡ್ಡಿಯವರಿಗೆ 'ಗಟ್ಟಿ' ಚಡ್ಡಿ. ಡಾಕ್ಟರು ವಾಕಿಂಗ್ ಮಾಡಿರಿ ಎಂದು ಬೈದು ಕಳಿಸಿದ ಸಕ್ಕರೆ ಕಾಯಿಲೆಯವರಿಗೆ 'ತಂಪು' ಎಂಬ ಸಡಿಲ ಪ್ಯಾಂಟು. ಎಂಟು ವರ್ಷದಲ್ಲಿ ನಾಲ್ಕು ಮಿಷನ್ ಅರವತ್ತಾದವು. ಹುನಗುಂದ, ಬಾಗಲಕೋಟೆ, ಬಾದಾಮಿಯಲ್ಲಿ ಅಂಗಡಿಗಳಾದವು. ನಿತಿನನ ಫೋಟೋ ಪೇಪರಿನಲ್ಲಿ ಎರಡು ಸಲ ಬಂತು. ಕುಕ್ಕರುಗಾಲಲ್ಲಿ ಕುಳಿತರೂ ಹರಿಯದ ಹಾಗೆ ಎರಡು ಕಾಲು ಕೂಡುವ ಜಾಗಕ್ಕೆ ನಾಲ್ಮೂಲೆಯ ಒಂದು ತುಂಡು ಕೂಡಿಸಬೇಕು ಎಂದು ಮೊದಲ ವರ್ಷವೇ ಹುಡುಕಿದವನು ಮುತ್ತುರಾಜ. ಇಡೀ ಕಂಪನಿ ನಿಂತದ್ದು ಆ ಅಂಗೈಯಗಲದ ತುಂಡಿನ ಮೇಲೆ. ಪೇಪರಿನಲ್ಲಿ ಅದನ್ನು 'ನಿತಿನ್ ಅವರ ವಿಶಿಷ್ಟ ವಿನ್ಯಾಸ' ಎಂದು ಬರೆದಿದ್ದರು. ಓದಿದವರ ಕೈಚಳಕ ಇದು. ಕತ್ತರಿ ಹಿಡಿದವನ ಹೆಸರು ಚಿಂದಿಯ ಜೊತೆ ಕಸಕ್ಕೆ ಹೋಗುತ್ತದೆ.

ಮಹಾಗುಂಡಪ್ಪ ಹೋದ ಮರುದಿನ ಮುತ್ತುರಾಜ ನೇರ ಫಾರೂಕನ ಫ್ಲೆಕ್ಸ್ ಅಂಗಡಿಗೆ ಹೋದ. ಫಾರೂಕ ಅವನ ಸಾಲಿ ಗೆಳೆಯ, ಅವನೂ ಎಂಟನೆಯ ಇಯತ್ತೆ. ಕಾಲೇಜು ಮೈದಾನದಲ್ಲಿ ದೌಡ ಪ್ಯಾಂಟು ಹಾಕಿಸಿ, ಬರಿಗಾಲಲ್ಲಿ ಓಡಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದ. ಎದುರಿಗೆ ಸೂರ್ಯ ಇದ್ದುದರಿಂದ ಮುತ್ತುರಾಜನ ಕಣ್ಣು ಮುಚ್ಚಿದ್ದವು. "ಇರಲಿ, ಧ್ಯಾನ ಮಾಡಿದಂಗ ಕಾಣ್ತಿ," ಎಂದ ಫಾರೂಕ.

ಫಾರೂಕನ ಕಂಪ್ಯೂಟರಿನಲ್ಲಿ ಇದ್ದ ನಮೂನೆಗಳು ಎರಡೇ. ಒಂದು ಹುಟ್ಟುಹಬ್ಬದ್ದು: ಬೆಂಕಿ, ಹುಲಿ, ಕಿರೀಟ, ಸುತ್ತಲೂ ಮೂವತ್ತು ಗೆಳೆಯರ ತಲೆ. ಇನ್ನೊಂದು ತಿಳಿ ನೀಲಿ ಆಕಾಶ, ಬಿಳಿ ಮೋಡ, ನಾಲ್ಕು ಪಾರಿವಾಳ, ಕಪ್ಪು ಬಿಳುಪು ಫೋಟೋ.

"ಇದ ಹಾಕು," ಎಂದ ಮುತ್ತುರಾಜ. "ಫಾರೆನ್ ಕಂಪನಿದಂಗ ಐತಿ."

"ಲೇ, ಅದು ಸತ್ತವರಿಗಿ ಹಾಕೂದೋ."

"ಅಕ್ಷರ ತಗದ ಬಿಡು. ಅಕ್ಷರ ಇಲ್ಲಂದ್ರ ಸತ್ತಾನಂತ ಹೆಂಗ ಗೊತ್ತಾಕೈತಿ?"

ಈ ಪ್ರಶ್ನೆಗೆ ಉತ್ತರ ಎಂಟನೆಯ ಇಯತ್ತೆಯಲ್ಲಿ ಇರಲಿಲ್ಲ. ಫಾರೂಕ 'ಶ್ರದ್ಧಾಂಜಲಿ' ಎಂಬ ಅಕ್ಷರ ತೆಗೆದ, 'ದೌಡ: ನಿಲ್ಲದ ಓಟ' ಎಂದು ಬರೆದ, ಕೆಳಗೆ ಮುತ್ತುರಾಜನ ಪೂರ್ಣ ಹೆಸರು ಹಾಕಿದ. ಮೂಲೆಯಲ್ಲಿ ಉರಿಯುತ್ತಿದ್ದ ಸಮೆಯ ದೀಪ ಮಾತ್ರ ಹೋಗಲಿಲ್ಲ. "ಇದು ಮೋಡದ ಕೂಡ ಬಂದಿದ್ದು, ಹರಿಯಾಕ ಬರವಲ್ದು."

"ಇರಲಿ ಬಿಡು. ದೀಪ ಶುಭ."

ನಮ್ಮ ಕಡೆ ಫ್ಲೆಕ್ಸನ್ನು ಯಾರೂ ಓದುವುದಿಲ್ಲ ಎನ್ನುವುದನ್ನು ಇಬ್ಬರೂ ಮರೆತರು. ಬಸ್ಸಿನ ಕಿಟಕಿಯಿಂದ ಬಣ್ಣ ನೋಡುತ್ತೇವೆ. ಕೆಂಪು ಇದ್ದರೆ ಯಾವನೋ ಹುಟ್ಟಿದ್ದಾನೆ, ನೀಲಿ ಇದ್ದರೆ ಯಾವನೋ ಹೋಗಿದ್ದಾನೆ.

ಗುರುವಾರ ಬೆಳಿಗ್ಗೆ ಹುನಗುಂದ ಸರ್ಕಲ್ಲಿನಲ್ಲಿ, ಮಹಾಗುಂಡಪ್ಪ ದಿನಾ ಚಹಾ ಕುಡಿಯುವ ಹೊಟೇಲಿನ ಎದುರಿಗೆ ಬ್ಯಾನರು ಏರಿತು. ಕಣ್ಣು ಮುಚ್ಚಿದ, ಬಣ್ಣವಿಲ್ಲದ ಒಬ್ಬ ಮನುಷ್ಯ ನೋಡುವವರ ಕಡೆಗೇ ಓಡಿಬರುತ್ತಿದ್ದ. ಕಾಲ ಕೆಳಗೆ ನೆಲವಿಲ್ಲ, ಮೋಡ. ಗಾಳಿ ಬಂದಾಗ ಫ್ಲೆಕ್ಸು ಉಬ್ಬಿ ಅವನ ಮೊಣಕಾಲು ನಿಜವಾಗಿ ಎದ್ದು ಬಿದ್ದಂತೆ ಕಾಣುತ್ತಿತ್ತು. ಗಾಳಿ ನಿಂತ ಮೇಲೂ ಒಂದೆರಡು ಹೆಜ್ಜೆ ಹಾಕಿದನೆಂದು ಹೊಟೇಲಿನವನು ಆಣೆ ಮಾಡಿ ಹೇಳಿದ.

"ಯಾರಪಾ ಹೋದಾವ?"

"ಇಳಕಲ್ಲಾವಂತ. ವಯಸ್ಸೇನಾಗಿದ್ದಿಲ್ಲ."

"ಏನಾಗಿತ್ತು?"

"ನೋಡವಲ್ಲ್ಯೇನು, ಓಡಾಕತ್ತಾನ. ಓಡ್ತ ಓಡ್ತ ಹೋಗ್ಯಾನ."

ಮಧ್ಯಾಹ್ನದ ಹೊತ್ತಿಗೆ ಮುತ್ತುರಾಜ ಪೊಲೀಸ್ ಭರ್ತಿಯ ಓಟದಲ್ಲಿ ಸತ್ತಿದ್ದ. ಮೂರು ಗಂಟೆಗೆ, ಗೆರೆ ದಾಟಿ, ಪಾಸಾಗಿ, ಆಮೇಲೆ ಸತ್ತಿದ್ದ. ಐದು ಗಂಟೆಗೆ, ಗೆರೆಗೆ ಇನ್ನೂರು ಮೀಟರ್ ಇರುವಾಗಲೇ ಜೀವ ಹೋಗಿತ್ತು, ಉಳಿದ ಇನ್ನೂರು ಮೀಟರನ್ನು ಪ್ಯಾಂಟು ಓಡಿ ಮುಗಿಸಿತ್ತು. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿದರೆ ನೌಕರಿ, ಇಲ್ಲದಿದ್ದರೆ ಮನೆಗೆ ಎಂದು ಬೆಳಗ್ಗೆ ಐದಕ್ಕೇ ಎದ್ದು ಓಡುವ ಹುಡುಗರು ನಮ್ಮಲ್ಲಿ ಊರಿಗೆ ನೂರು. ಅವರಿಗೆ ಬೇಕಾಗಿದ್ದದ್ದು ಅಂಥದೇ ಒಂದು ಪ್ಯಾಂಟು. ಶುಕ್ರವಾರ ಹುನಗುಂದದ ಅಂಗಡಿಯಲ್ಲಿ ಒಂದೂ ದೌಡ ಉಳಿಯಲಿಲ್ಲ. ಮುಂದಿನ ಗೊಂಬೆಯ ಮೈಮೇಲಿನದನ್ನೂ ಬಿಚ್ಚಿಕೊಂಡು ಹೋದರು.

ಇದೊಂದೂ ಗೊತ್ತಿಲ್ಲದ ಮುತ್ತುರಾಜ ಶನಿವಾರ ಬಿಳಿ ಅಂಗಿ, ಬಿಳಿ ಪ್ಯಾಂಟು ಇಸ್ತ್ರಿ ಮಾಡಿ ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಹುನಗುಂದಕ್ಕೆ ಹೋದ. ಬಸ್ಸು ಇಳಿದು ತನ್ನ ಬ್ಯಾನರಿನ ಕೆಳಗೇ ನಿಂತ. ಸರ್ಕಲ್ಲಿನ ಸದ್ದು ಕಡಿಮೆಯಾಗುತ್ತ ಬಂದು ನಿಂತಿತು. ಹಣ್ಣಿನ ಗಾಡಿಯವಳು ತಕ್ಕಡಿ ಕೆಳಗಿಟ್ಟಳು. ಹೊಟೇಲಿನವನು ಕೇಳದೆಯೇ ಚಹಾ ತಂದು, ಮೂರು ಮಾರು ದೂರದಲ್ಲಿ ನೆಲದ ಮೇಲಿಟ್ಟು, ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದ.

"ಎಷ್ಟಾತ್ರಿ?"

"ಬ್ಯಾಡ್ರಿ, ಬ್ಯಾಡ್ರಿ. ಕುಡದ ಹೋಗ್ರಿ. ಹಿಂದ ತಿರಗಿ ನೋಡಬ್ಯಾಡ್ರಿ ಅಷ್ಟ."

ಎಂಟು ವರ್ಷ ಕಟಿಂಗ್ ಟೇಬಲ್ಲಿಗೆ ನಿಂತವನಿಗೆ ಗೌರವ ಎಂದರೆ ಹೇಗಿರುತ್ತದೆಂದು ಏನು ಗೊತ್ತು. ಹೀಗೇ ಇರಬೇಕು ಎಂದುಕೊಂಡು, ಚಹಾ ಕುಡಿದು, ಹಿಂದೆ ನೋಡದೆ ಮಹಾಗುಂಡಪ್ಪನ ಮನೆಗೆ ನಡೆದ. ಅವನು ನಡೆದ ಓಣಿಯಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿಕೊಂಡವು.

ಮಹಾಗುಂಡಪ್ಪನ ಬಾಗಿಲೂ ಮುಚ್ಚಿತ್ತು. ಕಿಟಕಿಯ ಹಿಂದಿನಿಂದ ದನಿ ಬಂತು. "ನೋಡೇನಿ ಯಪ್ಪಾ, ಸರ್ಕಲ್ಲಿನ್ಯಾಗ ನೋಡೇನಿ. ನನ್ನ ತಪ್ಪಾತು. ಅವತ್ತ ಆಡಿದ್ದ ಮಾತು ಮನಸ್ಸಿನ್ಯಾಗ ಇಟಗೋಬ್ಯಾಡ."

"ಅದೇನ ಬಿಡ್ರಿ ಮಾಮಾ. ಈಗ ನಿಮ್ಮ ಮಾತ ಉಳಸಕೋರಿ."

"ಏನ ಬೇಕ ಕೇಳು. ಹೋಳಿಗಿ ಅಂದ್ರ ಹೋಳಿಗಿ ಇಡ್ತೇನಿ. ಕೂಡಲಸಂಗಮಕ್ಕ ಹೋಗಿ ನಿನ್ನ ಹೆಸರಲೆ ಮುಳುಗಿ ಬಾ ಅಂದ್ರ ನಾಳಿನ ಹೋಗ್ತೇನಿ."

"ನನಗ ಬ್ಯಾರೆ ಏನೂ ಬ್ಯಾಡ್ರಿ. ಶೀಲಾನ ಕೊಡ್ರಿ, ಕರಕೊಂಡ ಹೋಗ್ತೇನಿ."

ಒಳಗೆ ಕೊಡ ಬಿದ್ದ ಸದ್ದಾಯಿತು. ಆಮೇಲೆ ಶೀಲಾಳ ದನಿ, ಗಾಬರಿಯಿಲ್ಲದ ದನಿ: "ಮಾಮಾ, ಅವರ ನೆಳ್ಳ ಬಿದ್ದೈತಿ ನೋಡ್ರಿ ಕಟ್ಟಿ ಮ್ಯಾಲೆ. ಜೀವಂತ ಅದಾರ."

"ಸುಮ್ಮನಿರವಾ. ಹೊಸದಾಗಿ ಹೋದವರಿಗಿ ಒಂದೀಟ ದಿವಸ ನೆಳ್ಳು ಇರತೈತಿ."

ಕಿಟಕಿಯ ಸಂದಿಯಿಂದ ಒಂದು ಮುಷ್ಟಿ ಸಾಸಿವೆ ಹಾರಿ ಬಂದು ಮುತ್ತುರಾಜನ ಬಿಳಿ ಅಂಗಿಗೆ ಬಿತ್ತು. ಆಗ ಅವನಿಗೆ ಅರ್ಥವಾಯಿತು. ಬಸ್‌ಸ್ಟ್ಯಾಂಡಿಗೆ ಓಡಿಹೋಗಿ, ಅಲ್ಲಿಂದ ಮಹಾಗುಂಡಪ್ಪನಿಗೆ ಫೋನು ಹಚ್ಚಿದ. ಸತ್ತವನ ನಂಬರಿನಿಂದ ಕರೆ ಬರುತ್ತಿದೆ ಎಂದು ನೋಡಿದ ಮಹಾಗುಂಡಪ್ಪ ಮೊಬೈಲನ್ನು ನೀರಿನ ಹಂಡೆಗೆ ಎಸೆದ. ನೀರೊಳಗೂ ಅದು ಎರಡು ಸಲ ರಿಂಗಾಯಿತು. ಆವತ್ತಿನಿಂದ ಶೀಲಾ ಊರವರ ಬಾಯಲ್ಲಿ 'ಸತ್ತವ ಕೇಳಿದ ಹುಡುಗಿ' ಆದಳು. ಒಂದು ವಾರದಲ್ಲಿ ಎರಡು ಸಂಬಂಧ ಬಂದವು, ಸುದ್ದಿ ಕೇಳಿ ಎರಡೂ ಹೊಸ್ತಿಲಿನಿಂದಲೇ ತಿರುಗಿದವು.

ಮುತ್ತುರಾಜ ಸೋಮವಾರ ನಿತಿನನ ಎದುರಿಗೆ ನಿಂತ. "ಸರ್, ನಾ ಸತ್ತಿಲ್ಲ."

"ನಂಗ ಗೊತ್ತದ. ನೀ ಮೊದಲ ಕೂಡು, ನೀರ ಕುಡಿ," ಎಂದ ನಿತಿನ. ಎಂಟು ವರ್ಷದಲ್ಲಿ ಅವನು ಮುತ್ತುರಾಜನಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. "ಆದ್ರ ನೋಡು ಮುತ್ತು, ಇದು ನಂದು ನಿಂದು ಪ್ರಶ್ನೆ ಅಲ್ಲ. ಗಿರಾಕಿ ಏನ ನಂಬ್ಯಾರ, ಅದು ಬ್ರ್ಯಾಂಡು."

"ಹಂಗಾರ ಬದುಕ್ಯಾನ ಅಂತ ಇನ್ನೊಂದ ಬ್ಯಾನರ ಹಾಕ್ರಿ. ನಂದೊಂದ ಮದುವಿ ನಿಂತೈತಿ."

"ಹಾಕಿದ್ರ ಏನಾಗ್ತದ ಹೇಳು? ಪ್ಯಾಂಟು ಸುಳ್ಳು ಹೇಳ್ತು ಅಂತಾರ. ಅರವತ್ತು ಮಂದಿ ಮಿಷನ್ ಮುಂದ ಕೂತಾರ, ಅವರ ಹೊಟ್ಟಿ ಮ್ಯಾಲೆ ಕಾಲಿಡ್ತಿ ಏನು? ಸ್ವಲ್ಪ ದಿವಸ ತಡಿ. ಸತ್ತವರ ಸುದ್ದಿ ಮಂದಿ ಭಾಳ ದಿವಸ ನೆನಪ ಇಡೂದಿಲ್ಲ. ಅಲ್ಲೀತನಕ ಹಿಂದಿನ ಬಾಗಿಲಿಂದ ಕೆಲಸಕ್ಕ ಬಾ."

ಸತ್ತವರನ್ನು ಮಂದಿ ಮರೆಯುತ್ತಾರೆ, ಖರೆ. ಆದರೆ ಕಂಪನಿ ಮರೆಯಲು ಬಿಡಬೇಕಲ್ಲ. ಹದಿನೈದು ದಿನದಲ್ಲಿ ಕಂಪನಿಯ ನಾಲ್ಕನೆಯ ಬ್ರ್ಯಾಂಡು ಹುಟ್ಟಿತು. ಹೆಸರು 'ಅಮರ'. ಕಪ್ಪು ಟೀ ಶರ್ಟು, ಎದೆಯ ಮೇಲೆ ಕಣ್ಣು ಮುಚ್ಚಿದ ಮುತ್ತುರಾಜನ ಮುಖ. ನೀಲಿ ಬ್ಯಾನರುಗಳು ಬಾಗಲಕೋಟೆಯಲ್ಲಿ ಎದ್ದವು, ಬಾದಾಮಿಯಲ್ಲಿ ಎದ್ದವು, ಮಹಾಕೂಟದ ದಾರಿಯಲ್ಲಿ ಗಿಡಕ್ಕೊಂದು ಕಟ್ಟಿದರು. ಎಲ್ಲಿ ಅಂಗಡಿ ತೆರೆದರೋ ಅಲ್ಲಿ ಮುತ್ತುರಾಜ ಹೊಸದಾಗಿ ಸತ್ತ.

ಮತ್ತು ಅಮರದ ಬಟ್ಟೆ ಕತ್ತರಿಸುವವನು ಯಾರು? ಮುತ್ತುರಾಜನೇ. ಹಿಂದಿನ ಬಾಗಿಲಿನಿಂದ ಬಂದು, ತನ್ನ ಮುಖ ಅಚ್ಚಾದ ಬಟ್ಟೆಯನ್ನು ನಲವತ್ತು ಪದರ ಒಂದರ ಮೇಲೊಂದು ಹಾಸಿ, ಕೊರಳಿನ ಜಾಗಕ್ಕೆ ಮಿಷನ್ ತಿರುಗಿಸುತ್ತಿದ್ದ. ಒಂದು ಸಲ ತಿರುಗಿಸಿದರೆ ನಲವತ್ತು ಕೊರಳು. ಮೂಲೆಯ ಬುಟ್ಟಿಯಲ್ಲಿ ಸಂಜೆಗೆ ಅರ್ಧ ಹಣೆ, ಒಂಟಿ ಕಿವಿ, ಮುಚ್ಚಿದ ಒಂದೇ ಕಣ್ಣಿನ ತುಂಡುಗಳು ತುಂಬಿರುತ್ತಿದ್ದವು. ಹೊಲಿಯುವ ಹೆಣ್ಣುಮಕ್ಕಳು ಮೊದಮೊದಲು ಅವನನ್ನು ನೋಡಿ ನಗುತ್ತಿದ್ದರು. ಆಮೇಲೆ ಮಿಷನ್ ಹಚ್ಚುವ ಮುಂಚೆ ಎದೆಯ ಮೇಲಿನ ಮುಖಕ್ಕೆ ಕೈಮುಗಿಯತೊಡಗಿದರು, ಇವನ ಕಡೆ ನೋಡುವುದನ್ನು ಬಿಟ್ಟರು.

ಇನ್ನು ಓಣಿಯ ಸಂಗತಿ. ಮುತ್ತುರಾಜ ಬದುಕಿದ್ದಾನೆಂದು ಓಣಿಯವರಿಗೆಲ್ಲ ಗೊತ್ತು. ಎದುರು ಮನೆಯ ಖಾಸಿಂಸಾಬನಿಗಂತೂ ಹುಟ್ಟಿದ ದಿನದಿಂದ ಗೊತ್ತು. ಆದರೆ ಖಾಸಿಂಸಾಬನ ಚಹಾದ ಅಂಗಡಿಗೆ ಎಂದೂ ಇಲ್ಲದ ಗಿರಾಕಿ ಬರತೊಡಗಿತ್ತು. ಭರ್ತಿಗೆ ಓಡುವ ಹುಡುಗರು ಬೈಕಿನ ಮೇಲೆ ಬಂದು, ಶಾರವ್ವನ ಹೊಸ್ತಿಲಿನ ಧೂಳನ್ನು ಹಣೆಗೆ ಹಚ್ಚಿಕೊಂಡು, ಎದುರಿಗೆ ಚಹಾ ಕುಡಿದು, "ಹೆಂಗ ಓಡ್ತಿದ್ರು ಚಾಚಾ?" ಎಂದು ಕೇಳುತ್ತಿದ್ದರು. ಮುತ್ತುರಾಜ ಬಸ್ಸಿಗೂ ಓಡದವನು. ಖಾಸಿಂಸಾಬ ಕಣ್ಣೊರೆಸಿಕೊಂಡು, "ಕಾಲು ನೆಲಕ್ಕ ಹತ್ತತಿದ್ದಿಲ್ಲ," ಎನ್ನುತ್ತಿದ್ದ.

"ಚಾಚಾ, ನಾ ಇಲ್ಲೇ ನಿಂತೇನಿ," ಎಂದ ಒಂದು ದಿನ ಮುತ್ತುರಾಜ.

"ಗೊತ್ತೈತೋ ಮಾರಾಯಾ. ಬಾಗಲದಾಗ ನಿಂದರಬ್ಯಾಡ, ಒಳಗ ನಡಿ. ಹುಡುಗೋರು ದೂರದಿಂದ ಬಂದಾರ, ಮನಸ್ಸಿಗಿ ಹಚಗೋತಾರ."

ಶಾರವ್ವ ಮೊದಮೊದಲು ಎಲ್ಲರಿಗೂ ಕೂಗಿ ಕೂಗಿ ಹೇಳಿದಳು, ನನ್ನ ಮಗ ಬದುಕ್ಯಾನ, ಒಳಗ ಉಣ್ಣಾಕತ್ತಾನ ಬರ್ರಿ ನೋಡ್ರಿ ಎಂದು. ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡರು. "ತಾಯಿ ಕರುಳು, ಪಾಪ," ಎಂದರು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು. ಅವಳು ಎಷ್ಟು ಜೋರಾಗಿ ಬದುಕ್ಯಾನ ಎಂದಳೋ ಅವರು ಅಷ್ಟು ಜೋರಾಗಿ ಅತ್ತರು. ಕೊನೆಗೆ ಅವಳಿಗೂ 'ತಾಯಂದಿರ ಸನ್ಮಾನ' ಎಂದು ಕಂಪನಿಯವರು ಶಾಲು ಹೊದಿಸಿ ಒಂದು ದೊಡ್ಡ ಫೋಟೋ ಕೊಟ್ಟು ಹೋದರು. ಅದನ್ನು ಇಡಲು ಬೇರೆ ಜಾಗವಿಲ್ಲದೆ ಪಡಸಾಲೆಯ ಗೂಡಿನಲ್ಲಿಟ್ಟಳು. ಬಂದವರು ಊದಿನಕಡ್ಡಿ ಹಚ್ಚಿದರು. ಯಾರೋ ಹಾರ ಹಾಕಿದರು.

ಒಬ್ಬ ಮನುಷ್ಯ ಬದುಕಿದ್ದಾನೆ ಎನ್ನಲು ಸರಕಾರದ ಸಿಕ್ಕಾ ಒತ್ತಿದ ಕಾಗದ ಬೇಕು. ಸಿಕ್ಕಾ ನೋಡಿದರೆ ಮಹಾಗುಂಡಪ್ಪನೂ ಬಾಗಿಲು ತೆಗೆಯುತ್ತಾನೆ ಎಂದು ಮುತ್ತುರಾಜ ಒಂದು ಕಚೇರಿಗೆ ಹೋದ. ಯಾವ ಕಚೇರಿ ಎನ್ನುವುದು ಬೇಡ, ಎಲ್ಲ ಕಚೇರಿಯೂ ಒಂದೇ. ಅಲ್ಲಿ ಸತ್ಯಬೋಧ ಎಂಬ ಗುಮಾಸ್ತರಿದ್ದರು. ಬಹಳ ಮೆತ್ತಗಿನ ಮನುಷ್ಯರು.

"ಜೀವಂತ ಇರೂ ಪ್ರಮಾಣಪತ್ರ ಪೆನ್ಷನ್ನದವರಿಗೆ ಕೊಡೂದು. ನಿಮ್ಮ ಪೆನ್ಷನ್ ನಂಬರ್ ಹೇಳ್ರಿ."

"ನನಗ ಇಪ್ಪತ್ತೇಳ ವರ್ಷರಿ."

"ಹಂಗಾದ್ರ ಜೀವಂತ ಇರೂದು ನಿಮಗ ಏನ ಅಗತ್ಯ ಅದ?"

ಮುತ್ತುರಾಜ ಬೇಡಿಕೊಂಡ. ಸತ್ಯಬೋಧರು ಮರುಗಿ, ಆಧಾರ ಯಂತ್ರದ ಮೇಲೆ ಹೆಬ್ಬೆರಳು ಇಡಿಸಿದರು. ಎಂಟು ವರ್ಷ ಬಟ್ಟೆ ಉಜ್ಜಿ, ಕಾದ ಇಸ್ತ್ರಿ ಮುಟ್ಟಿ ಮುತ್ತುರಾಜನ ಬೆರಳು ನುಣ್ಣಗಾಗಿದ್ದವು. ಯಂತ್ರ ಕೆಂಪು ದೀಪ ತೋರಿಸಿತು. ಎಡಗೈ ಇಡಿಸಿದರು, ಕೆಂಪು. ಹತ್ತೂ ಬೆರಳು ಇಡಿಸಿದರು, ಹತ್ತು ಸಲ ಕೆಂಪು. ಕಡೆಗೆ ಕಣ್ಣಿನ ಯಂತ್ರ ತಂದರು. ಆ ಬೆಳಕಿಗೆ ಮುತ್ತುರಾಜ ಕಣ್ಣು ಮುಚ್ಚಿದ.

ಸತ್ಯಬೋಧರು ಆ ಮುಚ್ಚಿದ ಕಣ್ಣಿನ ಮುಖವನ್ನು ನೋಡಿದರು. ನಿಧಾನವಾಗಿ ಕುರ್ಚಿಯಿಂದ ಎದ್ದರು.

"ನನ್ನ ಮಗಾ ನಿಮ್ಮ ಅಂಗಿ ಹಾಕ್ಕೊಂಡು ಓಡಿ ಮೊನ್ನಿನ ಪಾಸಾದ," ಎಂದರು ಕೈ ಮುಗಿದು. "ನೀವು ಇಷ್ಟ ದೂರ ಬರೂದು ಬ್ಯಾಡಾಗಿತ್ತು. ಒಂದು ಮಾತು ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಮರಣದ ದಾಖಲೆ ತಗೊಂಡು ಬರ್ರಿ, ಅದನ್ನ ಬೇಕಾದ್ರ ರದ್ದ ಮಾಡಿ ಕೊಡ್ತೀನಿ."

"ಮರಣ ಆಗಿಲ್ಲಲ್ರಿ."

"ಅದ ನೋಡ್ರಿ ತ್ರಾಸ ಆಗೇದ."

ಮುತ್ತುರಾಜ ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಶಾರವ್ವ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು ಬಡಿಸಿದ ಗಂಗಾಳವನ್ನು ತಂದು ಗೂಡಿನ ಫೋಟೋದ ಮುಂದೆ ಇಟ್ಟು, ಸುತ್ತ ನೀರು ಬಿಟ್ಟಳು. ಬಂದ ಮಂದಿ ತಪ್ಪು ತಿಳಿಯಬಾರದೆಂದು ಕೆಲವು ದಿನದಿಂದ ಹಾಗೆ ಮಾಡುತ್ತಿದ್ದಳು. ಆಮೇಲೆ ಅದೇ ಗಂಗಾಳವನ್ನು ಮಗನಿಗೆ ಕೊಡುತ್ತಿದ್ದಳು. ಆವತ್ತು ಮನೆಗೆ ಯಾರೂ ಬಂದಿರಲಿಲ್ಲ. ಮುತ್ತುರಾಜ ಕೈತೊಳೆದು ಕುಳಿತ. ಶಾರವ್ವ ಫೋಟೋದ ಎದುರಿಗೇ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು.

"ಯವ್ವಾ, ನನಗ?"

ಅವಳು ತಿರುಗಲಿಲ್ಲ. "ತಡಿಯಪಾ," ಎಂದಳು, ಫೋಟೋಗೆ ಕೇಳಿಸಬಾರದೆಂಬಂತೆ ಮೆಲ್ಲಗೆ. "ಅವನು ಉಣ್ಣಾಕತ್ತಾನ."

ಗಂಗಾಳದಲ್ಲಿ ರೊಟ್ಟಿಯ ಒಂದು ಅಂಚು ಮುರಿದಿತ್ತು. ಇಲಿ ಇರಬಹುದು. ಇಳಕಲ್ಲಿನಲ್ಲಿ ಇಲಿಗೇನು ಕಡಿಮೆ. ಮುತ್ತುರಾಜ ಉಣ್ಣದೆ ಎದ್ದ.

ಮರುದಿನ ಬಾದಾಮಿಯಲ್ಲಿ ಕಂಪನಿಯವರು ಇಟ್ಟ 'ಅಮರ ಓಟ' ಇತ್ತು. ಸಾವಿರ ಜನರ ಎದುರಿಗೆ ಮೈಕು ಹಿಡಿದು, ನಾನೇ ಮುತ್ತುರಾಜ, ಶೀಲಾಳನ್ನು ಕೊಡ್ರಿ ಎಂದು ಕೂಗಿಬಿಡುವುದು, ಆಮೇಲೆ ಕಂಪನಿ ಮುಳುಗಲಿ, ಬೇಕಾದ್ದಾಗಲಿ ಎಂದು ನಿರ್ಧಾರ ಮಾಡಿ ನಸುಕಿನ ಮೊದಲ ಬಸ್ಸು ಹತ್ತಿದ.

ಬಾದಾಮಿಯ ಕೆರೆಯ ಮೇಲೆ ಇನ್ನೂ ಮಂಜು ಇತ್ತು. ಎರಡೂ ಕಡೆ ಕೆಂಪು ಬಂಡೆಗಳು. ಮಾತಾಡಿದರೆ ಮಾತು ಬಂಡೆಗೆ ಬಡಿದು ಬೇರೆ ಯಾರೋ ಆಡಿದಂತೆ ತಿರುಗಿ ಬರುತ್ತಿತ್ತು. ಕೆರೆಯ ಮೆಟ್ಟಿಲುಗಳ ಮೇಲೆ ಮುನ್ನೂರು ಹುಡುಗರು ಕಪ್ಪು ಅಂಗಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮುನ್ನೂರು ಎದೆಯ ಮೇಲೆ ಮುನ್ನೂರು ಮುತ್ತುರಾಜ, ಎಲ್ಲರ ಕಣ್ಣೂ ಮುಚ್ಚಿವೆ. ಹುಡುಗರು ಉಸಿರು ಎಳೆದಾಗ ಮುಖಗಳು ಉಬ್ಬುತ್ತಿದ್ದವು, ಬಿಟ್ಟಾಗ ಕೆನ್ನೆ ಒಳಕ್ಕೆ ಹೋಗುತ್ತಿದ್ದವು. ಓಟ ಇಲ್ಲಿಂದ ಕೆರೆಯ ಆಚೆ ತುದಿಯ ಭೂತನಾಥನ ಗುಡಿಯ ತನಕ.

ಮುತ್ತುರಾಜ ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿದ. ನಿತಿನನ ಕೈಯಿಂದ ಮೈಕು ತೆಗೆದುಕೊಂಡ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಸದ್ದಿಲ್ಲದೆ ಕೆಳಗೆ ಬಿದ್ದ.

"ನಾ ಮುತ್ತುರಾಜ," ಎಂದ.

ಬಂಡೆಗಳು ಅದನ್ನೇ ಎರಡು ಸಲ ಹೇಳಿದವು.

ಎಂಬಿಎ ಓದಿದ್ದು ಯಾವುದಕ್ಕೆ ಬರುತ್ತದೆ ಎಂದರೆ ಇದಕ್ಕೆ. ನಿತಿನ ಇನ್ನೊಂದು ಮೈಕಿನ ಮುಂದೆ ಬಂದು ಚಪ್ಪಾಳೆ ತಟ್ಟಿದ. "ಬಂಧುಗಳೇ, ಕೈಲಾಸವಾಸಿ ಮುತ್ತುರಾಜರನ್ನು ಕಣ್ಣಾರೆ ನೋಡಬೇಕು ಅನ್ನೋದು ನಿಮ್ಮೆಲ್ಲರ ಆಸೆ ಆಗಿತ್ತು. ಅದಕ್ಕಾಗಿ ನಮ್ಮ ಕಂಪನಿ ಜಿಲ್ಲೆಯೆಲ್ಲಾ ಹುಡುಕಿ, ಅವರನ್ನೇ ಹೋಲುವ ಈ ಕಲಾವಿದರನ್ನು ಕರಕೊಂಡು ಬಂದದ. ಜೋರಾಗಿ ಚಪ್ಪಾಳೆ."

ಬಂಡೆ ಬಿರಿಯುವಂತೆ ಚಪ್ಪಾಳೆ ಬಿತ್ತು. ಮುತ್ತುರಾಜ ಮೈಕಿನಲ್ಲಿ ಏನೇನೋ ಕೂಗಿದ. ಪಾತ್ರದಲ್ಲಿ ಬಹಳ ಮುಳುಗಿದ್ದಾನೆ ಎಂದು ಮಂದಿ ಮೆಚ್ಚಿಕೊಂಡರು. "ದನಿ ಬರೋಬರಿ ಐತಿ," ಎಂದ ಒಬ್ಬ ಹುಡುಗ ತನ್ನ ಎದೆ ಬಗ್ಗಿ ನೋಡಿಕೊಂಡು. "ಮಾರಿ ಅಷ್ಟೇನ ಹೊಂದೂದಿಲ್ಲ." ಯಾರೋ ಮೈಕಿನ ತಂತಿ ಎಳೆದರು.

ಕೆಳಗಿಳಿದವನ ಕೈಯನ್ನು ಒಬ್ಬ ಹಿಡಿದುಕೊಂಡ. ಮಹಾಗುಂಡಪ್ಪ. ಅವನ ಹಿಂದೆ ಶೀಲಾ ನಿಂತಿದ್ದಳು, ಒಂದು ತಿಂಗಳಲ್ಲಿ ಸೊರಗಿದ್ದಳು. ಮಹಾಗುಂಡಪ್ಪ ಮುತ್ತುರಾಜನ ಮುಖವನ್ನು ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ, ಸಂತೆಯಲ್ಲಿ ಹೋರಿ ನೋಡಿದ ಹಾಗೆ.

"ಭಾಳ ಹೋಲ್ತಿ ತಮ್ಮಾ. ನಮ್ಮ ಮುತ್ತುರಾಜರು ಇನ್ನೀಟ ಎತ್ತರ ಇದ್ರು, ಮಾರಿ ಮ್ಯಾಲೆ ಕಳೆ ಇತ್ತು. ದೇವರಂಥ ಮನಷ್ಯಾ. ನನ್ನ ಅಳಿಯಾ ಆಗಬೇಕಾಗಿತ್ತು, ನಮ್ಮ ನಸೀಬದಾಗ ಇದ್ದಿಲ್ಲ." ಅವನ ಕಣ್ಣಲ್ಲಿ ಖರೆಖರೆ ನೀರಿತ್ತು. ಆಮೇಲೆ ದನಿ ಇಳಿಸಿದ. "ನಿನ್ನ ಕೂಡ ಒಂದ ಮಾತೈತಿ. ಹೋದವರು ನಮ್ಮ ಹುಡುಗೀನ ಕೇಳ್ಯಾರ. ಅದಕ್ಕ ಯಾರೂ ಮಾಡಕೊಳ್ಳವಲ್ರು. ನಿನ್ನಿ ಇಲ್ಲೇ ಮಹಾಕೂಟದಾಗ ಒಬ್ಬ ಅಯ್ಯನವರನ್ನ ಕೇಳಿದ್ನಿ. ಅದ ಮಾರಿ ಇದ್ದಾವ ಯಾವನರ ಸಿಕ್ಕರ ಅವಗ ಕೊಡು, ಹೋದವರ ಆಸೆನೂ ತೀರತೈತಿ, ಹುಡುಗೀನೂ ದಡಾ ಮುಟ್ಟತಾಳ ಅಂದ್ರು. ನೀ ಹೂಂ ಅಂದ್ರ ಇವತ್ತ, ಇಲ್ಲೇ, ಎಲಿ ಅಡಿಕಿ ಇಡ್ತೇನಿ. ಒಂದ ಅಷ್ಟ, ನೀ ಅವರಲ್ಲ ಅನ್ನೂದು ಖಾತ್ರಿ ಆಗಬೇಕು. ಹೇಳು ತಮ್ಮಾ, ನಿನ್ನ ಹೆಸರೇನು?"

ಮುತ್ತುರಾಜ ಶೀಲಾಳ ಕಡೆ ನೋಡಿದ. ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿದ್ದದ್ದು ಅವಳೊಬ್ಬಳಿಗೆ. ಮಾಮನ ಬೆನ್ನ ಹಿಂದಿನಿಂದ ತುಟಿ ಮಾತ್ರ ಆಡಿಸಿ ಅಂದಳು:

"ಯಾವದರ ಒಂದ ಹೆಸರ ಹೇಳ್ರಿ."

ವೇದಿಕೆಯ ಮೇಲಿಂದ ನಿತಿನ ಇವರನ್ನೇ ನೋಡುತ್ತ, ಹೇಳಿಬಿಡು ಎಂಬಂತೆ ತಲೆ ಆಡಿಸುತ್ತಿದ್ದ. ಮಹಾಗುಂಡಪ್ಪ ಜೇಬಿನಿಂದ ಎಲೆ ಅಡಿಕೆಯ ಸಂಚಿ ತೆಗೆದು ಬಿಚ್ಚಿದ. "ನಾಚಬ್ಯಾಡ. ಬರೇ ಹೆಸರ ಹೇಳು ಸಾಕು. ಮುತ್ತುರಾಜ ಅನ್ನೂದೊಂದು ಬಿಟ್ಟು ಯಾವದಿದ್ರೂ ನಡಿತೈತಿ."

ಸೀಟಿ ಊದಿದರು. ಮುನ್ನೂರು ಜನ ಒಮ್ಮೆಗೇ ಕೆರೆಯ ದಂಡೆಗುಂಟ ಭೂತನಾಥನ ಕಡೆಗೆ ಓಡಿದರು. ಮೊದಲ ತಿರುವಿನಲ್ಲೇ ಮಂಜು ಅವರನ್ನು ನುಂಗಿತು, ಕಾಲಿನ ಸದ್ದು ಮಾತ್ರ ಉಳಿಯಿತು, ಬಂಡೆಗೆ ಬಡಿದು ಆ ಸದ್ದು ಈ ಕಡೆಗೇ ಓಡಿ ಬಂದಂತೆ ಕೇಳಿಸಿತು.

ಮುತ್ತುರಾಜ ಮಹಾಗುಂಡಪ್ಪನ ಕೈಯನ್ನು ತನ್ನ ಮಣಿಕಟ್ಟಿನಿಂದ ಬಿಡಿಸಿದ. ಶೀಲಾಳನ್ನು ಇನ್ನೊಮ್ಮೆ ನೋಡಿದ. ಮುಖ ಕಂಪನಿಗೆ ಹೋಗಿತ್ತು, ಊಟ ಫೋಟೋಗೆ ಹೋಗಿತ್ತು, ತನ್ನದೆಂದು ಉಳಿದದ್ದು ಹೆಸರೊಂದೇ. ಆಮೇಲೆ ತಿರುಗಿ, ಅವರೆಲ್ಲ ಓಡಿದ ದಿಕ್ಕನ್ನು ಬಿಟ್ಟು, ಊರೊಳಗಿನ ಇಕ್ಕಟ್ಟಿನ ಓಣಿಗೆ ಇಳಿದು ನಡೆದ.

"ಹೆಸರ ಹೇಳಲಿಲ್ಲಲ್ಲೋ ತಮ್ಮಾ," ಎಂದು ಮಹಾಗುಂಡಪ್ಪ ಹಿಂದಿನಿಂದ ಕೂಗಿದ.

ಬಂಡೆಗಳು ಅದನ್ನು ಎರಡು ಸಲ ಕೇಳಿದವು. ಮುತ್ತುರಾಜ ನಡೆಯುತ್ತಲೇ ಇದ್ದ.